ಒಂದೇ ಟಿಕೆಟ್ಟು

ಮೂವತ್ತೊಂದು ವರ್ಷ ಟಿಕೆಟ್ಟಿಗೆ ತೂತು ಹಾಕಿದ ಕೈ.
ಜಡ್ಡುಗಟ್ಟಿದೆ, ಆದರೆ ತಪ್ಪು ಜಾಗದಲ್ಲಿ,
ಹೆಬ್ಬೆರಳ ಬುಡಕ್ಕೆ.
ತಂತಿ ಕೇಳುವುದು ಬೆರಳ ತುದಿಯ ಚರ್ಮ.
"ಎರಡು ತಿಂಗಳು ಉರಿಯುತ್ತೆ ರಹ್ಮಿ ಮಾವ, ಆಮೇಲೆ ಇಲ್ಲ"
ಅಂದಳು ಇರ್ಮಾಕ್, ನನ್ನ ಗುರು, ಇಪ್ಪತ್ಮೂರರ ಹುಡುಗಿ.
ಇಜ್ಮೀರಿನ ಬಸ್ಮಾನೆ ಸ್ಟೇಷನ್ನಿನೆದುರು
ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲೆ ಅವಳ ಕೋಣೆ;
ಎರಡು ಸ್ಟೂಲು, ಎರಡು ಗಿಟಾರು,
ತಿರುಗದ ಒಂದು ಫ್ಯಾನು.

ಗೋಡೆಗೆ ಏಳು ಚೀಟಿ ಅಂಟಿಸಿದ್ದಳು.
ಅಯೋನಿಯನ್. ಡೋರಿಯನ್. ಫ್ರಿಜಿಯನ್. ಲಿಡಿಯನ್…
ಓದುತ್ತ ನಕ್ಕುಬಿಟ್ಟೆ.
ಮಗೂ, ಇದು ಸಂಗೀತವಲ್ಲ, ನಾನು ದುಡಿದ ಲೈನು!
ಬೆಳಿಗ್ಗೆ ಹೊರಡುವುದೇ ಅಯೋನಿಯದಿಂದ.
ಸಾರ್ತ್ ಬಂತೆಂದರೆ ಲಿಡಿಯ:
ಮುರಿದ ಕಂಬ ನೋಡಲು ಇಳಿಯುವವರು,
ದ್ರಾಕ್ಷಿ ಪೆಟ್ಟಿಗೆ ಹಿಡಿದು ಹತ್ತುವವರು.
ಅಫ್ಯೋನಿನ ಕರಿಬಂಡೆ ಕಂಡಾಗ ಫ್ರಿಜಿಯ,
ಕೋಟಿನ ಮೇಲಿನ ಗುಂಡಿ ಹಾಕಿಕೊಳ್ಳುವ ಹೊತ್ತು.
"ಹೆಸರಿಟ್ಟ ಸನ್ಯಾಸಿಗಳು ಈ ಕಡೆ ಕಾಲೇ ಇಟ್ಟಿರಲಿಲ್ಲ ಮಾವ,
ಅದಲುಬದಲು ಮಾಡಿದ್ದಾರೆ."
ಮಾಡಲಿ. ಬೋರ್ಡು ತಪ್ಪಿದ್ದರೂ ರೈಲು ನಿಲ್ಲುತ್ತದೆ.

ಅವಳ ಪಾಠ ಇಷ್ಟೆ.
ಇರುವುದು ಏಳೇ ಸ್ವರ, ಹೊಸದು ಬರುವುದಿಲ್ಲ, ಹಳೆಯದು ಹೋಗುವುದಿಲ್ಲ.
ಎಲ್ಲಿ ಬಂದು ಕೂತೆ, ಅದೊಂದೇ ಬೇರೆ.
ದಪ್ಪ ತಂತಿ ಮೀಟುತ್ತ ಕೂರುತ್ತಾಳೆ, ಗುಂಯ್, ಗುಂಯ್, ಒಂದೇ ಸಮ.
"ಇದು ಮನೆ. ನೀವು ತಿರುಗಾಡಿಕೊಂಡು ಬನ್ನಿ."

ಫ್ರಿಜಿಯನ್ನಿನಲ್ಲಿ ಹೊಸ್ತಿಲು ದಾಟಿದರೆ
ಅರ್ಧ ಹೆಜ್ಜೆಗೇ ಇನ್ನೊಂದು ಬಾಗಿಲು, ಮೂಗು ತಗುಲುವಷ್ಟು.
ಲಿಡಿಯನ್ನಿನ ನಾಲ್ಕನೇ ಮೆಟ್ಟಿಲು
ಇರಬೇಕಾದ್ದಕ್ಕಿಂತ ಎತ್ತರ, ಎಡವಿದರೂ ಮೇಲಕ್ಕೇ ಎಡವುವುದು.
ಡೋರಿಯನ್ನಿನ ಅಳುಮೋರೆಯಲ್ಲಿ
ಆರನೇ ಮನೆಯ ಕಿಟಕಿ ಯಾರೋ ತೆರೆದಿಟ್ಟಿದ್ದರು.
ಮಿಕ್ಸೊಲಿಡಿಯನ್ ಯಾವ ನಕ್ಷೆಯಲ್ಲೂ ಇಲ್ಲ;
ಮನೆ ಎದುರೇ ಇದ್ದರೂ ಹೋಗುವ ಆತುರವಿಲ್ಲದೆ
ಚಹಾದಂಗಡಿಯಲ್ಲಿ ಕೂತ ನನ್ನಂಥವನ ಹಾಗೆ.

ಇದೆಲ್ಲ ಈಗ ಹೇಳುತ್ತೇನೆ. ಮೊದಲೆರಡು ವಾರ
ಎಲ್ಲಿಗೆ ಹೊರಟರೂ ಬೆರಳು ಹಳೇ ಚಾಳಿಗೆ ಬಿದ್ದು
ಅಯೋನಿಯನ್ನಿಗೇ ವಾಪಸು.
"ಮತ್ತೆ ಬಸ್ಮಾನೆಯಲ್ಲೇ ಇಳಿದಿರಾ!" ಅನ್ನುತ್ತಿದ್ದಳು.

ನನ್ನ ಅಜ್ಜಿಯನ್ನು ಕ್ರೀಟಿನಿಂದ ಹಡಗು ಹತ್ತಿಸಿದರು,
ಎರಡು ಸರ್ಕಾರ ಜನ ಬದಲಾಯಿಸಿಕೊಂಡ ವರ್ಷ.
ತಾಮ್ರದ ಹಂಡೆ, ಜರಡಿ, ಹಾಸಿಗೆ ಸುರುಳಿ,
ಗ್ರೀಕಿನಲ್ಲೇ ಎಣಿಸುವ, ಬೈಯುವ ಬಾಯಿ,
ದಾರಿಯಲ್ಲಿ ಒಂದೂ ಕಳೆಯಲಿಲ್ಲ.
ಅಲ್ಲಿ ಅವಳು ತುರ್ಕಿಯವಳು.
ಐವಾಲಿಕ್ಕಿನ ದಡದಲ್ಲಿ ಇಳಿದಾಗ ಗ್ರೀಕಿನವಳು.
ಸ್ವರ ಅವೇ.

ಕೊನೆಯ ಚೀಟಿ ಲೋಕ್ರಿಯನ್.
"ಇದು ಬೇಡ ಮಾವ, ಗೊತ್ತಿದ್ದರೆ ಸಾಕು.
ಐದನೇ ಕಂಬವೇ ಕುಸಿದ ಮನೆ. ಯಾರೂ ವಾಸ ಇರುವುದಿಲ್ಲ."
ಆ ಊರು ಎಲ್ಲಿದೆ?
"ಸಮುದ್ರದಾಚೆ, ಗ್ರೀಸಿನಲ್ಲಿ."

ಅಜ್ಜಿ ದಿನಾ ಬೆಳಿಗ್ಗೆ ಹಾಸಿಗೆ ಸುತ್ತಿ
ಹಗ್ಗ ಬಿಗಿದು ಬಾಗಿಲ ಬಳಿ ಇಡುತ್ತಿದ್ದಳು.
ರಾತ್ರಿ ಬಿಚ್ಚುವಳು. ನಲವತ್ತಾರು ವರ್ಷ.
ಆ ಗಂಟಿನ ಮೇಲೆ ಕೂತು ನಾನು ಬೂಟು ಹಾಕಿಕೊಂಡು
ಶಾಲೆಗೆ ಹೋಗಿದ್ದೇನೆ.

ಮೀಟು ಮಗೂ, ಅಂದೆ.
ಅವಳು ಮೀಟಿದಳು. ನಾನು ಹತ್ತಿದೆ,
ಐದನೆಯದಕ್ಕೆ ಬಂದಾಗ ನೆಲ ಒಂದಿಷ್ಟು ಜಗ್ಗಿತು,
ನಿಂತೆ. ಕೆಳಗೆ ಯಾರೋ ಹೊಲಿಗೆ ಯಂತ್ರ ಓಡಿಸಿ ನೋಡುತ್ತಿದ್ದರು,
ಬಟ್ಟೆಯಿಲ್ಲದೆ, ದಾರವಿಲ್ಲದೆ.
ಇಳಿದೆ. ಮತ್ತೆ ಹತ್ತಿದೆ.
ಬೆರಳು ಸುಲಿದಿತ್ತು.

ಬಹಳ ಹೊತ್ತಿನ ಮೇಲೆ ಇರ್ಮಾಕ್ ಹೆಬ್ಬೆರಳು ತೆಗೆದಳು.
"ಐದನೆಯದನ್ನು ಅಷ್ಟು ಒತ್ತಬೇಡಿ," ಅಂದಳು,
"ಸುಮ್ಮನೆ ತಾಗಿಸಿ. ಸೋಮವಾರ ಬನ್ನಿ."